ಬಾಂಗಿಗೆ ನಿಂತ ಮಾತು

ನನ್ನ ಗಂಡ ಉಮರಬ್ಬರಿಗೆ ಮೊಬೈಲು ಮೂರನೆಯ ಕೈ ಇದ್ದ ಹಾಗೆ. ಸಹಮ್‌ನ ನಮ್ಮ ಪಾತ್ರೆ ಅಂಗಡಿಗೆ ಹೊಸ ಕುಕ್ಕರು ಬಂದರೆ ಅದರ ಫೋಟೊ, ಪಕ್ಕದ ತೋಟದಲ್ಲಿ ಖರ್ಜೂರ ಹಣ್ಣಾದರೆ ಅದರ ಫೋಟೊ, ನಾನು ಸೀನಿದರೆ ಅದರದ್ದೂ ಒಂದು ವೀಡಿಯೊ. ಎಲ್ಲವೂ ಕೂಡಲೇ ನಮ್ಮ ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಹೋಗಬೇಕು. ಹಾಗಿರುವಾಗ ಅಳಿಯನಾಗುವ ಹುಡುಗ ಮಸ್ಕತ್ತಿನ ರೂವಿಯಲ್ಲಿ ಹಾಲ್ ತುಂಬ ಜನರ ಮುಂದೆ ಮೈಕ್ ಹಿಡಿದರೆ ಈ ಮನುಷ್ಯ ಸುಮ್ಮನೆ ಕೂರುತ್ತಾರೆಯೇ? ಮುಂದಿನ ಸಾಲಿನಲ್ಲೇ ಕೂತು ಮೊಬೈಲು ಎತ್ತಿದರು. ನಮ್ಮ ಮನೆಗೆ ಶನಿ ಹೊಕ್ಕಿದ್ದು ಆ ಗಳಿಗೆಯಲ್ಲಿ.

ಹುಡುಗನ ಹೆಸರು ಝಿಯಾದ್. ನಮ್ಮ ಮಗಳು ನಾಝಿಯಾಳ ಜೊತೆ ಅವನ ನಿಶ್ಚಯವಾಗಿ, ಪೆರ್ನಾಲ್ ಹಬ್ಬ ಕಳೆದ ಮೇಲೆ ಮಂಗಳೂರು ಕಡೆಯ ನಮ್ಮ ಊರಲ್ಲಿ ನಿಕಾಹ್ ಎಂದು ಮಾತಾಗಿತ್ತು. ಅವನು ಊರಿನ ಪಳ್ಳಿಯ ದರ್ಸ್‌ನಲ್ಲಿ ಎಂದರೆ ಮಸೀದಿಯ ಪಾಠಶಾಲೆಯಲ್ಲಿ, ಉಸ್ತಾದರ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕಿತಾಬು ಓದಿದವನು. ಆಮೇಲೆ ಕಾಲೇಜಿನಲ್ಲಿ ಅರಬಿ ಕಲಿತು ಈಗ ರೂವಿಯ ಒಂದು ಆಫೀಸಿನಲ್ಲಿ ಅನುವಾದದ ಕೆಲಸ ಮಾಡುತ್ತಾನೆ. ಶುಕ್ರವಾರ ನಮ್ಮ ಬ್ಯಾರಿ ಮಕ್ಕಳಿಗೆ ಓದು ಹೇಳಿಕೊಡುತ್ತಾನೆ. ನಮ್ಮ ಸಂಘದವರು ಅವನನ್ನು ಕರೆದು, ಕುರ್‌ಆನಿನ ಭಾಷೆಯ ಸೊಗಸಿನ ಬಗ್ಗೆ ಹಿಂದಿನ ಕಾಲದ ವಿದ್ವಾಂಸರು ಏನು ಹೇಳಿದ್ದಾರೆ ಎಂದು ಮಾತಾಡಲು ಹೇಳಿದ್ದರು. ಸಂಜೆಯ ಮಗ್ರಿಬ್ ನಮಾಜು ಮುಗಿದು, ರಾತ್ರಿಯ ಇಶಾ ನಮಾಜಿಗೆ ಕರೆಯುವ ಬಾಂಗ್ ಆಗುವವರೆಗೆ ಅವನ ಹೊತ್ತು.

ದರ್ಸ್‌ನಲ್ಲಿ ಒಂದು ಕ್ರಮವಿದೆ. ಒಂದು ವಿಷಯ ಹಿಡಿದರೆ ಮೊದಲು ಎದುರು ಪಕ್ಷದವರ ವಾದವನ್ನು ಹೇಳಬೇಕು. ಅರೆಮನಸ್ಸಿನಿಂದ ಹೇಳುವಂತಿಲ್ಲ, ಎದುರಾಳಿ ಬಂದು ಕೇಳಿದರೆ ತನಗಿಂತ ಚೆನ್ನಾಗಿ ಹೇಳಿದ ಎನ್ನಬೇಕು, ಹಾಗೆ. ಅದಾದ ಮೇಲೆ ಉತ್ತರ. ಸಾವಿರ ವರ್ಷದ ಹಿಂದೆ ಬಸ್ರಾ, ಬಗ್ದಾದಿನ ವಿದ್ವಾಂಸರು ಬರೆದದ್ದೂ ಹೀಗೆಯೇ ಅಂತೆ. ನನ್ನ ಅಪ್ಪನೂ ದರ್ಸ್‌ನಲ್ಲಿ ಓದಿದವರಾದ್ದರಿಂದ ಈ ರೀತಿ ನನಗೆ ಗೊತ್ತಿತ್ತು. ಕುಕ್ಕರು ಮಾರುವವರಿಗೆ ಗೊತ್ತಿರಲಿಲ್ಲ.

ಝಿಯಾದ್ ಆ ದಿನ ಸ್ವರ ಏರಿಸಿ ಹೇಳುತ್ತಿದ್ದ: "ನೀರು, ಭೂಮಿ, ಆಕಾಶ. ಕುರ್‌ಆನಿನ ಈ ಪದಗಳೆಲ್ಲ ಅರಬರು ಸಂತೆಯಲ್ಲಿ ಆಡ್ತಿದ್ದ ಪದಗಳೇ. ಹಾಗಿರುವಾಗ ಅಂಥದ್ದೊಂದು ಸೂರಾ ಕಟ್ಟಲಿಕ್ಕೆ ಅವರಿಗೂ ಆಗ್ತಿತ್ತು. ಅಲ್ಲಾಹು ಅವರ ಮನಸ್ಸನ್ನು ಬೇರೆ ಕಡೆ ತಿರುಗಿಸಿದ, ಅದಕ್ಕೆ ಅವರು ಕಟ್ಟಲಿಲ್ಲ. ಅಷ್ಟೇ." ಹಿಂದೆ ಕೆಲವರು ಹೀಗೆ ವಾದಿಸಿದ್ದರು ಎಂದು ಅವನು ಮೊದಲೇ ಹೇಳಿದ್ದ. ಆದರೆ ಆಗ ನನ್ನ ಗಂಡ ಇನ್ನೂ ಮೊಬೈಲಿನ ಗಾಜು ಒರೆಸುತ್ತಿದ್ದರು. ಅವರು ವೀಡಿಯೊ ಶುರು ಮಾಡಿದ್ದು ಈ ಮಾತುಗಳಿಂದ. ಇನ್ನು ಉತ್ತರಕ್ಕೆ ಬಾಯಿ ತೆರೆಯಬೇಕು, ಎದುರಿನ ಮಸೀದಿಯಲ್ಲಿ ಬಾಂಗ್ ಶುರುವಾಯಿತು. ಬಾಂಗ್ ಆಗುವಾಗ ಮಾತಾಡಬಾರದು. ಝಿಯಾದ್ ಮೈಕ್ ಕೆಳಗಿಟ್ಟ, ನನ್ನ ಗಂಡ ಮೊಬೈಲು ಕೆಳಗಿಟ್ಟರು. ನಮಾಜಾದ ಮೇಲೆ ಬಿರಿಯಾನಿ ಬಂತು, ಉತ್ತರ ಕೇಳುವ ನೆನಪು ಯಾರಿಗೂ ಆಗಲಿಲ್ಲ.

ನನ್ನ ಗಂಡ ಕೈ ತೊಳೆಯುವ ಮೊದಲೇ ‘ನಮ್ಮ ಅಳಿಯ’ ಎಂದು ಬರೆದು ಗ್ರೂಪಿಗೆ ಹಾಕಿದ್ದರು. ಮರುದಿನ ಅದೇ ತುಣುಕು ಮಂಗಳೂರು, ದುಬೈ, ಜುಬೈಲ್ ಎಲ್ಲ ಸುತ್ತಿ ತಿರುಗಿ ಬಂತು. ಮೇಲೆ ಬರಹ ಮಾತ್ರ ಬದಲಾಗಿತ್ತು: ‘ಕುರ್‌ಆನ್‌ನಂಥದ್ದನ್ನು ಯಾರು ಬೇಕಾದರೂ ಬರೆಯಬಹುದು ಎನ್ನುವ ಮಸ್ಕತ್ತಿನ ಉಸ್ತಾದ್.’

ಸಂಘದ ಕಾರ್ಯದರ್ಶಿ ಶಹೀದ್ ಬುರೈಮಿಯಲ್ಲಿ ಅಂಗಡಿ ಇಟ್ಟವರು, ಮಾತಿನಲ್ಲಿ ಗಟ್ಟಿ. ಬರುವ ಗುರುವಾರ ಅದೇ ಹಾಲ್‌ನಲ್ಲಿ, ಅದೇ ಹೊತ್ತಿಗೆ, ಝಿಯಾದ್ ಎಲ್ಲರ ಮುಂದೆ ತೌಬಾ ಹೇಳಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಮಕ್ಕಳ ಕ್ಲಾಸು ಖಲಾಸ್ ಎಂದು ತಿಳಿಸಿದರು. ಅದಕ್ಕೆ ನನ್ನ ಗಂಡ ತಮ್ಮದೊಂದು ಷರತ್ತು ಸೇರಿಸಿದರು.

"ತೌಬಾ ಹೇಳದಿದ್ರೆ ನಿಕಾಹೂ ಇಲ್ಲ," ಎಂದರು. "ಜನ ನನ್ನ ಮುಖಕ್ಕೆ ಉಗೀತಾರೆ."

"ಆ ವೀಡಿಯೊ ಕಳಿಸಿದ್ದು ಯಾರು?" ಎಂದೆ ನಾನು.

"ನಾನು ಕಳಿಸಿದ್ದು ನಮ್ಮ ಗ್ರೂಪಿಗೆ. ಅಲ್ಲಿಂದ ಹೊರಗೆ ಹಾಕಿದ್ದು ನಾನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ವಾರವಿಡೀ ಇವರು ಹೆಗಲು ಒರೆಸಿಕೊಳ್ಳುತ್ತಲೇ ಇದ್ದರು. ಕೇಳಿದವರಿಗೆಲ್ಲ, ಯಾರೋ ಆಗದವರು ಮಾಡಿದ್ದು ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾಝಿಯಾ ಅಳಲಿಲ್ಲ. ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಕಲಿತವಳು, ಸಿಟ್ಟು ಬಂದರೆ ಅವಳ ಬಾಯಲ್ಲಿ ಇಂಗ್ಲಿಷೇ ಬರುವುದು. "ಡೋಂಟ್ ಮೇಕ್ ಹಿಮ್ ಲೈ, ಉಮ್ಮ," ಎಂದಳು. "ಅವರು ಹೇಳದ ಮಾತಿಗೆ ತೌಬಾ ಹೇಳಿದ್ರೆ ಅದನ್ನು ಅವರೇ ಹೇಳಿದ ಹಾಗೆ ಆಯ್ತಲ್ಲ. ಅಂಥವರನ್ನು ಮದುವೆಯಾಗ್ಲಿಕ್ಕೆ ನಂಗಿಷ್ಟ ಇಲ್ಲ."

ತೌಬಾ ಹೇಳಿದರೆ ಮಗಳು ಒಲ್ಲೆ ಎನ್ನುತ್ತಾಳೆ, ಹೇಳದಿದ್ದರೆ ಅಪ್ಪ ಒಲ್ಲೆ ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತವನು ಆ ಹುಡುಗ.

ಗುರುವಾರ ಮಧ್ಯಾಹ್ನ ನಾವು ಮೂವರೂ ಕಾರಿನಲ್ಲಿ ಹೊರಟೆವು. ಸಹಮ್‌ನಿಂದ ರೂವಿಯವರೆಗೂ ಯಾರೂ ಸರಿಯಾಗಿ ಮಾತಾಡಲಿಲ್ಲ. ಸಹಮ್ ಹೊರಗಿನ ವಾದಿ ದಾಟುವಾಗ ಮಾತ್ರ ನನ್ನ ಗಂಡನ ತುಟಿ, ಪ್ರಾರ್ಥನೆ ಹೇಳುವ ಹಾಗೆ, ಅಲುಗಿತು. ವಾದಿ ಎಂದರೆ ವರ್ಷವಿಡೀ ಒಣಗಿ ಬಿದ್ದಿರುವ ಹೊಳೆ, ಬರೀ ಕಲ್ಲು. ಚಂಡಮಾರುತ ಬಂದ ವರ್ಷ ಅದೇ ವಾದಿ ಉಕ್ಕಿ ನಮ್ಮ ಅಂಗಡಿಗೆ ನುಗ್ಗಿತ್ತು. ಆಗ ನಾನೂ ಮಗಳೂ ಊರಲ್ಲಿದ್ದೆವು. ಇವರೊಬ್ಬರೇ ತಾರಸಿ ಹತ್ತಿ ಬೆಳಗಾಗುವವರೆಗೂ ಕೂತಿದ್ದರು. ಎಲ್ಲದರ ಫೋಟೊ ತೆಗೆಯುವ ಮನುಷ್ಯ ಆ ದಿನದ್ದು ಒಂದೂ ತೆಗೆದಿಲ್ಲ. ಫೋನ್ ಮಾಡಿ ಕೇಳಿದವರಿಗೆಲ್ಲ "ನೀರು ಇಳಿಯಿತು" ಎಂದಷ್ಟೇ ಹೇಳಿದ್ದರು. ಅದಕ್ಕಿಂತ ಹೆಚ್ಚು ನನಗೂ ಹೇಳಿಲ್ಲ.

ಮಾಳಿಗೆಯ ಹಾಲ್ ಕಿಕ್ಕಿರಿದಿತ್ತು. ಭಾಷಣಕ್ಕೆ ಬರದವರೂ ತೌಬಾ ನೋಡಲು ಬಂದಿದ್ದರು. ಹೆಂಗಸರಿಗೆ ಪರದೆಯ ಈಚೆ ಜಾಗ. ನಾನು ಪರದೆಯ ಸಂದಿಗೆ ಸರಿಯಾಗಿ ಕುರ್ಚಿ ಎಳೆದುಕೊಂಡೆ. ಮುಂದಿನ ಸಾಲಿನಲ್ಲಿ ಗಂಡನ ಬಿಳಿ ಟೊಪ್ಪಿ ಕಾಣುತ್ತಿತ್ತು. ನಾಝಿಯಾ ನನ್ನ ಕೈ ಹಿಡಿದುಕೊಂಡಿದ್ದಳು.

ಶಹೀದ್ ಮೊದಲು ಮಾತಾಡಿದರು, ಮಾತಾಡುತ್ತಲೇ ಹೋದರು. ಸಂಘದ ಮಾನ, ಸಮುದಾಯದ ಮಾನ, ಮಕ್ಕಳ ಭವಿಷ್ಯ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಹುಡುಗನಿಗೆ ಇದ್ದ ಹೊತ್ತನ್ನೆಲ್ಲ ಇವರೇ ತಿಂದು ಮುಗಿಸುತ್ತಿದ್ದರು. ಕೊನೆಗೆ ಮೈಕ್ ಅವನ ಕೈಗೆ ಬಂದಾಗ ಬಾಂಗಿಗೆ ಇನ್ನೇನು ಸ್ವಲ್ಪವೇ ಹೊತ್ತಿತ್ತು.

"ಜಾಸ್ತಿ ಬೇಡ ಝಿಯಾದ್," ಎಂದರು ಶಹೀದ್. "ಒಂದು ತೌಬಾ ಸಾಕು."

"ನಾನು ಮಾಡಿದ ತಪ್ಪಿಗೆಲ್ಲ ದಿನಾ ತೌಬಾ ಹೇಳ್ತೇನೆ," ಎಂದ ಝಿಯಾದ್. "ಇದಕ್ಕೆ ಹೇಳ್ಲಿಕ್ಕಾಗುದಿಲ್ಲ. ಅದು ನನ್ನ ಮಾತಲ್ಲ, ನಾನು ಉತ್ತರ ಕೊಡ್ಬೇಕಾಗಿದ್ದ ಮಾತು. ಉತ್ತರ ಹೇಳ್ಲಿಕ್ಕೆ ಬಿಡಿ."

"ಹಾಗಾದ್ರೆ ವೀಡಿಯೊ ಸುಳ್ಳಾ?"

"ಸುಳ್ಳಲ್ಲ. ಅರ್ಧ."

"ಅರ್ಧ ಮಾಡಿದವರು ಯಾರು? ಹೆಸರು ಹೇಳು. ಅವರನ್ನೂ ಇಲ್ಲಿ ನಿಲ್ಲಿಸುವ."

ಯಾರು ಮೊಬೈಲು ಎತ್ತಿ ಹಿಡಿದಿದ್ದರು ಎಂದು ವೇದಿಕೆಯ ಮೇಲೆ ನಿಂತಿದ್ದ ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಒಂದು ಹೆಸರು ಹೇಳಿದರೆ ಅವನ ತಲೆಯ ಭಾರ ಇಳಿಯುತ್ತಿತ್ತು. ಅವನು ಮುಂದಿನ ಸಾಲಿನ ಕಡೆ ಕಣ್ಣು ಸಹ ಹಾಯಿಸಲಿಲ್ಲ.

"ಯಾರು ತೆಗೆದದ್ದು ಅನ್ನುದು ಬೇಡ," ಎಂದ. "ಬಾಂಗ್ ಆಯ್ತು, ಅವರು ನಿಲ್ಲಿಸಿದ್ರು. ನಾನೂ ನಿಲ್ಲಿಸಿದೆ. ಅದರಲ್ಲಿ ಅವರದ್ದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ."

ನನ್ನ ಕಣ್ಣು ತುಂಬಿತು. ಮಗನಾಗಿ ಹುಟ್ಟಿದವನೂ ಇಷ್ಟು ಮಾಡುವುದಿಲ್ಲ. ಆ ಬಿಳಿ ಟೊಪ್ಪಿ ಮಾತ್ರ ಅಲುಗಾಡದೆ ಕೂತಿತ್ತು. ಪರದೆ ಕಿತ್ತೆಸೆದು ಕೂಗಿಬಿಡಬೇಕು ಅನ್ನಿಸಿತು. ಹಾಗೆ ಮಾಡಲಿಲ್ಲ. ಮೊಬೈಲು ತೆಗೆದು ಅವರಿಗೆ ಮೆಸೇಜು ಹಾಕಿದೆ: ‘ನೀವು ಹೇಳ್ತೀರಾ, ನಾನು ಹೇಳ್ಲಾ?’

ಅವರ ಅಂಗಿಯ ಕಿಸೆ ಗುಂಯ್ ಎಂದಿತು. ತೆಗೆದು ನೋಡಿದರು. ಟೊಪ್ಪಿ ಸ್ವಲ್ಪ ಈ ಕಡೆ ತಿರುಗಿತು, ಮತ್ತೆ ನೆಟ್ಟಗಾಯಿತು. ಮೊಬೈಲು ಒಳಗೆ ಹೋಯಿತು.

"ಹೆಸರೂ ಇಲ್ಲ, ತೌಬಾವೂ ಇಲ್ಲ," ಎಂದರು ಶಹೀದ್. "ಹಾಗಾದ್ರೆ..."

ಅಷ್ಟರಲ್ಲಿ ಬಾಂಗ್ ಶುರುವಾಯಿತು.

ಶಹೀದ್ ಕೂಡ ಬಾಯಿ ಮುಚ್ಚಬೇಕಾಯಿತು. ಎಲ್ಲರೂ ತಲೆ ತಗ್ಗಿಸಿ ಬಾಂಗಿನ ಒಂದೊಂದು ಸಾಲಿಗೂ ತುಟಿಯೊಳಗೇ ಜವಾಬು ಕೊಡುತ್ತಿದ್ದರು. ಮುಗಿದೊಡನೆ ಎಲ್ಲರೂ ಎದ್ದು ಹೋಗುತ್ತಾರೆ, ಹೋದ ವಾರದ ಹಾಗೆಯೇ ಬಿರಿಯಾನಿ ತಿಂದು ಮನೆ ಸೇರುತ್ತಾರೆ, ನನ್ನ ಮಗಳ ಬದುಕು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಾಝಿಯಾ ನನ್ನ ಬೆರಳುಗಳನ್ನು ನೋಯುವಷ್ಟು ಹಿಚುಕುತ್ತಿದ್ದಳು.

ಬಾಂಗ್ ನಿಂತಿತು. ಕುರ್ಚಿಗಳು ಸರಿದವು. ಎಲ್ಲರಿಗಿಂತ ಮೊದಲು ಎದ್ದದ್ದು ಬಿಳಿ ಟೊಪ್ಪಿ.

"ವೀಡಿಯೊ ತೆಗೆದದ್ದು ನಾನು," ಎಂದರು ನನ್ನ ಗಂಡ. ಮೈಕ್ ಇರಲಿಲ್ಲ, ಆದರೂ ಕೊನೆಯ ಸಾಲಿಗೆ ಕೇಳಿಸಿತು. "ಕಳಿಸಿದ್ದೂ ನಾನೇ. ಈ ಹುಡುಗನಿಗೆ ಅದು ಗೊತ್ತುಂಟು. ಗೊತ್ತಿದ್ದೂ ನನ್ನ ಮಾನ ಉಳಿಸಿದ. ನಾನು ವಾರ ಪೂರ್ತಿ ಅವನ ಮಾನ ಕಳೆದೆ." ಆಮೇಲೆ ಹಿಂದಿನ ಸಾಲುಗಳ ಕಡೆ ತಿರುಗಿ, "ನಮಾಜಾದ ಮೇಲೆ ನಾನು ಇಲ್ಲಿಗೇ ಬರ್ತೇನೆ. ಉತ್ತರ ಕೇಳುವವರು ಬನ್ನಿ. ಬಿರಿಯಾನಿ ಬೇಕಾದವರು ಅದನ್ನು ತಿನ್ನಿ," ಎಂದರು.

ಗಂಡಸರು ಎದುರಿನ ಮಸೀದಿಗೆ ಹೋದರು. ನಾವು ಹೆಂಗಸರು ಹಾಲ್‌ನಲ್ಲೇ ನಮಾಜು ಮುಗಿಸಿ ಮೆಟ್ಟಿಲ ಕಡೆ ಕಿವಿಗೊಟ್ಟು ಕೂತೆವು. ಕೆಳಗೆ ಬಿರಿಯಾನಿ ಬೇಯಿಸಿದ ದೇಗಿಯ ಮುಚ್ಚಳ ತೆಗೆದ ಪರಿಮಳ ಮೇಲಿನವರೆಗೂ ಬಂತು. ಹಸಿದ ಗಂಡಸರನ್ನು ಆ ಪರಿಮಳ ದಾಟಿಸಿ ಮೇಲೆ ತರುವುದು ಸುಲಭದ ಕೆಲಸವಲ್ಲ. ಮೊದಲು ಬಂದವರು ನನ್ನ ಗಂಡ, ಹಿಂದೆ ಝಿಯಾದ್. ಆಮೇಲೆ ಇಬ್ಬರು ಮುದುಕರು, ಮತ್ತೆ ಐದಾರು ಜನ. ಕೊನೆಗೆ ಶಹೀದರೂ ಬಂದು ಬಾಗಿಲಲ್ಲಿ ಎದೆಗೆ ಕೈಕಟ್ಟಿ ನಿಂತರು. ಹಾಲ್‌ನ ಕಾಲು ಭಾಗವೂ ತುಂಬಲಿಲ್ಲ.

ನನ್ನ ಗಂಡ ಮುಂದೆ ಕೂತು ಮೊಬೈಲು ಎತ್ತಿ ಹಿಡಿದರು. "ಹೇಳು ಮೋನೆ," ಎಂದರು, ಮಗನನ್ನು ಕರೆಯುವ ಹಾಗೆ. "ಈ ಸಲ ಪೂರ್ತಿ ತೆಗೀತೇನೆ."

ಝಿಯಾದ್ ಮೈಕ್ ಮುಟ್ಟಲಿಲ್ಲ. "ಪದ ಹಳೆಯದೇ, ಒಪ್ಪಿದೆ," ಎಂದು ಶುರು ಮಾಡಿದ. "ಆದ್ರೆ ಸೊಗಸು ಇರುದು ಪದದಲ್ಲಿ ಅಲ್ಲ, ಅದನ್ನು ಜೋಡಿಸಿದ್ದರಲ್ಲಿ ಅಂತ ಆ ವಿದ್ವಾಂಸರು ಉತ್ತರ ಕೊಟ್ರು. ನೂಹ್ ನೆಬಿಯ ಕಾಲದ ಪ್ರಳಯ ಮುಗಿಯುವ ಜಾಗ ನೋಡಿ. ಬೆಟ್ಟ ಮುಳುಗಿಸಿದ ನೀರು ಅದು. ಭೂಮಿಯನ್ನು ಕರೆದು, ನಿನ್ನ ನೀರನ್ನು ನುಂಗು ಅಂತ ಒಂದು ಮಾತು. ‘ನಿನ್ನ ನೀರು’, ನೋಡಿ, ಅಷ್ಟು ದೊಡ್ಡ ನೀರನ್ನು ಭೂಮಿಯ ಕೈಗೇ ಒಪ್ಪಿಸಿ ಆಯ್ತು. ಆಕಾಶಕ್ಕೆ, ನಿಲ್ಲಿಸು ಅಂತ ಒಂದು ಮಾತು. ಹೇಳಿದ್ದು ಯಾರು ಅಂತ ಹೆಸರೇ ಇಲ್ಲ. ಇನ್ಯಾರು ಹೇಳ್ಲಿಕ್ಕುಂಟು? ಆಮೇಲೆ, ನೀರು ಇಳಿಯಿತು. ಒಂದು ಪದ ಆಚೀಚೆ ಮಾಡಿದ್ರೆ ಇದು ಬರೀ ಸುದ್ದಿ ಆಗ್ತದೆ."

ಎತ್ತಿದ್ದ ಮೊಬೈಲು ಮೆಲ್ಲ ಕೆಳಗಿಳಿದು ನನ್ನ ಗಂಡನ ಮಡಿಲಿಗೆ ಬಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ.

"ನೀರು ಇಳಿಯಿತು ಅಂತ ಅಷ್ಟೇ ಉಂಟಾ?" ಎಂದು ಕೇಳಿದರು.

"ಅಷ್ಟೇ, ಉಮರಾಕ."

"ಹೌದು," ಎಂದರು ನನ್ನ ಗಂಡ. "ತಾರಸಿ ಮೇಲೆ ಕೂತವನಿಗೆ ಗೊತ್ತುಂಟು. ಅದಕ್ಕಿಂತ ಜಾಸ್ತಿ ಹೇಳ್ಲಿಕ್ಕೆ ಆಗುದಿಲ್ಲ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಮದುವೆಯಾದ ಮೇಲೆ ಅವರು ಅತ್ತದ್ದು ನಾನು ನೋಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಶಹೀದ್ ಒಳಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು.

ಆ ಉತ್ತರದ ವೀಡಿಯೊ ಯಾರಲ್ಲೂ ಇಲ್ಲ. ಹೊರಡುವಾಗ ಇವರು ಮೊಬೈಲು ತೆರೆದು ನೋಡಿದರೆ, ಒಂದಿಷ್ಟು ಮಾತು, ಆಮೇಲೆಲ್ಲ ಅವರದ್ದೇ ಲುಂಗಿ. ಮತ್ತೂ ಅರ್ಧ. ನಾಝಿಯಾಳಿಗೆ ನಗು ತಡೆಯಲಾಗಲಿಲ್ಲ. ವಾರದಲ್ಲಿ ಮೊದಲ ಸಲ ಅವಳು ನಕ್ಕದ್ದು ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

ಕಾರು ಹತ್ತುವ ಮೊದಲೇ ಅವರ ಮೊಬೈಲು ಮತ್ತೆ ಗುಂಯ್ ಎಂದಿತು. ಮಂಗಳೂರಿನ ಅವರ ದೊಡ್ಡಪ್ಪನ ಮಗ ಆ ಹಳೆಯ ತುಣುಕನ್ನೇ ಕಳಿಸಿ, ‘ಇವನು ನಿನ್ನ ಅಳಿಯನಾ?’ ಎಂದು ಕೇಳಿದ್ದ. ನಾನು ಬಗ್ಗಿ ನೋಡಿದೆ. ಇವರು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದರು.

"ಹೌದು, ನನ್ನ ಅಳಿಯ," ಎಂದರು. "ಉತ್ತರ ಬೇಕಾದ್ರೆ ನಿಕಾಹ್‌ಗೆ ಬಾ. ಬಂದು ಪೂರ್ತಿ ಕೂತು ಕೇಳು."