ಸೈಲಸ್ ಕಲಿಸಿದ ಮೂರು ಉತ್ತರ

ಆಸ್ಟ್ರೇಲಿಯಾದ ಬೆಂಡಿಗೋ ಊರಿನ ಗಣಿಯವರ ಫುಟ್‌ಬಾಲ್ ತಂಡದಲ್ಲಿ ನನ್ನ ಕೆಲಸ ಆಟಗಾರರ ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕುವುದು, ಬಿದ್ದವರನ್ನು ಎಬ್ಬಿಸುವುದು. ನಮ್ಮದು ಚೆಂಡನ್ನು ಒದೆಯುವ, ಕೈಯಲ್ಲೂ ಹಿಡಿಯುವ ಆಟ. ಆಗಿನ ನಿಯಮ ನಿಷ್ಠುರ. ತಂಡದ ಹದಿನೆಂಟು ಜನರಲ್ಲಿ ಒಬ್ಬ ಹೊರಬಂದರೆ ಬದಲಿಗೆ ಇನ್ನೊಬ್ಬ ಇಳಿಯುವಂತಿಲ್ಲ, ಉಳಿದ ಹದಿನೇಳು ಜನರೇ ಏಗಬೇಕು. ಅದಕ್ಕೇ ಸೈಲಸ್ ಟ್ರೆಗೆನ್ನ ಮೂರು ಪ್ರಶ್ನೆ ಕಟ್ಟಿಕೊಟ್ಟಿದ್ದ. ಹದಿನಾಲ್ಕು ವರ್ಷ ಆಡಿದವನು, ಕಡೆಯ ಮೂರು ವರ್ಷ ಆಡುತ್ತಲೇ ಕೋಚ್ ಕೂಡ. ತಲೆಗೆ ಪೆಟ್ಟು ಬಿದ್ದವನನ್ನು ನಾನು ಕೇಳಬೇಕು: ಇದು ಯಾವ ಮೈದಾನ, ಎದುರಾಳಿ ಯಾರು, ಆಟದಲ್ಲಿ ನಿನ್ನ ಜಾಗ ಯಾವುದು? ಮೂರೂ ಸರಿಯಿದ್ದರೆ ವಾಪಸ್ ಕಳಿಸಬೇಕು.

ಆದರೆ ಸೈಲಸ್ ಪ್ರತಿ ಗುರುವಾರದ ಅಭ್ಯಾಸದಲ್ಲಿ ಆ ಶನಿವಾರದ ಪಂದ್ಯದ ಉತ್ತರಗಳನ್ನು ಎಲ್ಲರಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದ. ಅದು ಮೋಸವೆಂದು ನನಗೆ ಗೊತ್ತಿತ್ತು. ಗೆಲ್ಲುತ್ತಿದ್ದೆವಲ್ಲ, ತೆಪ್ಪಗಿದ್ದೆ.

1909ರ ಫೈನಲ್ ದಿನ ಬೆಳಿಗ್ಗೆ ಅವನ ಹೆಂಡತಿ ಲವೀನಿಯಾ ನಮ್ಮ ಮನೆ ಬಾಗಿಲಿಗೆ ಬಂದಳು. ಆ ವರ್ಷ ಸೈಲಸನ ತಲೆಗೆ ನಾಲ್ಕು ಪೆಟ್ಟಾಗಿತ್ತು. ಕಾಲಲ್ಲಿ ಬೂಟಿಟ್ಟುಕೊಂಡೇ ಬೂಟು ಹುಡುಕುತ್ತಾನಂತೆ, ಮಾತಿನ ನಡುವೆ ಸುಮ್ಮನಾಗಿಬಿಡುತ್ತಾನಂತೆ.

"ಇನ್ನೊಂದೇಟು ಬಿದ್ಮೇಲೂ ಆಡಿದ್ರೆ ಜೀವ ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಬಿದ್ರೆ ಹೊರಗೇ ಕೂರಿಸಿ, ಮಿಸ್ಟರ್ ಓಡ್ಜರ್ಸ್," ಎಂದಳು. ನಾನು ಮಾತು ಕೊಟ್ಟೆ.

ನಾಲ್ಕು ಪಾಳಿಯ ಆಟದ ಮೂರನೇ ಪಾಳಿಯಲ್ಲಿ ಎದುರಾಳಿಯ ಮೊಣಕಾಲು ಅವನ ಕಿವಿಯ ಹಿಂದೆ ಬಡಿಯಿತು. ಗೆರೆಯಾಚೆ ಎಳೆದು ತಂದು ಮೂಗಿಗೆ ಘಾಟಿನ ಸೀಸೆ ಹಿಡಿದೆ. ಕಣ್ಣು ಬಿಟ್ಟ. ನಾವು ನಾಲ್ಕು ಅಂಕ ಹಿಂದಿದ್ದೆವು. ಬೇಲಿಯಾಚೆ ಯಾರೋ ನನ್ನನ್ನು ಹಂಗಿಸಿದರು: "ಅಜ್ಜೀ, ಜೋಗುಳ ಸಾಕು, ಬಿಟ್ಬಿಡು ಅವನ್ನ."

ಪ್ರಶ್ನೆ ಕೇಳಲೇಬಾರದಿತ್ತು. ಕೇಳಿದೆ. ಮೂರಕ್ಕೂ ಪಟಪಟನೆ ಸರಿಯುತ್ತರ ಕೊಟ್ಟ. ಕಲಿಸಿದವನೇ ಅವನಲ್ಲವೇ? ನಾನು ಪಾಪಿ, ಅಷ್ಟನ್ನೇ ನೆಪ ಮಾಡಿಕೊಂಡು ಬೆನ್ನು ತಟ್ಟಿ ಒಳಗೆ ಬಿಟ್ಟೆ.

ಹತ್ತು ಹೆಜ್ಜೆ ಹೋಗಿ ತಿರುಗಿದ. ಮುಖದಲ್ಲಿ ಇಪ್ಪತ್ತರ ಪ್ರಾಯದ ನಗು.

"ಪೆನ್‌ರೋಸ್ ಎಲ್ಲೋ, ಓಡ್ಜರ್ಸ್? ಚೆಂಡು ಅವನ ಕಡೆಗೇ ಒದೀಬೇಕು ನಾನು."

ನಮ್ಮ ಹಳೆಯ ಆಟಗಾರ ಪೆನ್‌ರೋಸ್ ಗಣಿ ಕುಸಿದು ಸತ್ತು ಆರು ವರ್ಷವಾಗಿತ್ತು. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಸೈಲಸನೂ ಒಬ್ಬ. ಸೈಲಸನ ಹೆಸರು ಕೂಗುತ್ತಾ ಮೈದಾನದೊಳಕ್ಕೆ ಓಡಿದೆ. ಜನ ನಕ್ಕರು. ಚೆಂಡು ಆಗಲೇ ಮೇಲೆದ್ದಿತ್ತು. ಸೈಲಸ್ ಎಲ್ಲರ ಹೆಗಲ ಮೇಲಕ್ಕೆ ಜಿಗಿದು ಹಿಡಿದ. ಬೀಳುವಾಗ ಚೆಂಡು ಬಿಟ್ಟು ಕೈ ಊರಲಿಲ್ಲ, ತಲೆ ನೆಲಕ್ಕೆ ಬಡಿಯಿತು.

ನಾನು ತಲುಪಿದಾಗ ಚೆಂಡು ಅವನ ಎದೆಯ ಮೇಲೇ ಇತ್ತು, ಉಸಿರಿರಲಿಲ್ಲ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.