ಹದಿನೇಳನೇ ಚಿತ್ರದಲ್ಲಿ ಎತ್ತಿದ ಕೈ

೧

ಹೊಳೆಯಿಂದ ಶುರುಮಾಡಲೇ? ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಬೆಟ್ಟದ ಮಂಜು, ಕಲ್ಲಿನ ಸಂದಿಯ ಸಣ್ಣ ನೀರು, ಆಮೇಲೆ ಬಯಲು, ಆಮೇಲೆ ಕಬ್ಬಿನ ಗದ್ದೆ. ಹಾಗೊಂದು ಪುಟ ಬರೆದೆ. ಚೆನ್ನಾಗಿಯೇ ಬಂತು. ಅದಕ್ಕೇ ಹರಿದು ಹಾಕಿದೆ. ಈ ಕಥೆಯಲ್ಲಿ ನಡೆದ ಅನ್ಯಾಯವೆಲ್ಲ ಚೆನ್ನಾಗಿ ಕಾಣಲಿ ಎಂಬ ಆಸೆಯಿಂದಲೇ ನಡೆದದ್ದು.

೧, ಎರಡನೇ ಸಲ

ಹೇಮಶ್ರೀಯಿಂದ ಶುರುಮಾಡುತ್ತೇನೆ. ಪಾಂಡವಪುರದ ಹುಡುಗಿ, ಇತಿಹಾಸದಲ್ಲಿ ಎಂ.ಎ. ಬಸ್ಸಿನಲ್ಲಿ 'ಸ್ಟಾಪ್ ಬಂತು' ಎಂದು ಕೂಗಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ವಾಪಸ್ ಬರುವವಳು. ಬಾಯಿಗೆ ಬಾರದ್ದನ್ನೆಲ್ಲ ಡೈರಿಗೆ ಬರೆಯುವವಳು.

(ಅದನ್ನೆಲ್ಲ ಯಾಕೆ ಹೇಳುತ್ತೀಯಾ, ಎನ್ನುತ್ತಾಳೆ ಅವಳು. ಹೇಳದಿದ್ದರೆ ಮುಂದೆ ನೀನು ಬಾಯಿ ಮುಚ್ಚಿಕೊಂಡು ನಿಂತದ್ದು ಓದುಗರಿಗೆ ಅರ್ಥವಾಗುವುದಿಲ್ಲ ಕಣೇ, ಎನ್ನುತ್ತೇನೆ ನಾನು. ಅವಳಿಗೆ ಸಿಟ್ಟು ಬಂದಿದೆ. ಬರಲಿ, ಈ ಕಥೆಗೆ ಅದು ಬೇಕಾಗುತ್ತದೆ.)

೨

ಶ್ರೀರಂಗಪಟ್ಟಣದಲ್ಲೊಂದು ಟ್ರಸ್ಟು. ಹೆಸರು ಬೇಡ, ಹೇಗೂ ನಾನು ಕಟ್ಟಿದ್ದು. ಆ ಟ್ರಸ್ಟು ಒಂದು ಹಾಲಿನಲ್ಲಿ 'ಬೆಟ್ಟದಿಂದ ಬಯಲಿಗೆ' ಎಂಬ ಪ್ರದರ್ಶನ ಇಟ್ಟಿತ್ತು. ಕಾವೇರಿಯ ದಡದ ಹಳೇ ಫೋಟೋಗಳು, ಒಟ್ಟು ಮೂವತ್ತೊಂದು. ತೆಗೆದವನು ಎಂಬತ್ತು ವರ್ಷದ ಹಿಂದೆ ಹೊಳೆಯುದ್ದಕ್ಕೂ ಕ್ಯಾಮೆರಾ ಹೊತ್ತು ತಿರುಗಿದ ಒಬ್ಬ ಸರ್ವೆ ಇಂಜಿನಿಯರು. ಬ್ರಹ್ಮಗಿರಿಯ ಕಾಡು ಗೋಡೆಯ ಎಡತುದಿಯಲ್ಲಿ, ನಮ್ಮೂರ ಸೀಮೆ ಬಲತುದಿಯಲ್ಲಿ. ನೋಡುತ್ತ ನಡೆದರೆ ಹೊಳೆಯೂ ನಿಮ್ಮ ಜೊತೆಗೇ ನಡೆದು ಬರುತ್ತದೆ. ಈ ಉಪಾಯ ಟ್ರಸ್ಟಿನ ರವೀಂದ್ರ ಅವರದ್ದು. ಅದನ್ನು ಅವರು ಬಂದವರಿಗೆಲ್ಲ ಎರಡೆರಡು ಸಲ ಹೇಳುತ್ತಿದ್ದರು.

ಚಿತ್ರಗಳ ಅಡಿಬರಹ ಕನ್ನಡಕ್ಕೆ ತರುವುದು ಹೇಮಶ್ರೀಯ ಕೆಲಸ. ಹದಿನೇಳನೇ ಚಿತ್ರ ಗಂಜಾಂ ಬಳಿಯದು. ನೀರು, ಕಲ್ಲುಬಂಡೆ, ಮೆಟ್ಟಿಲು, ಮೆಟ್ಟಿಲ ಮೇಲೆ ಕೈಯೆತ್ತಿ ನಿಂತ ಒಬ್ಬ ಹೆಂಗಸು. ಎತ್ತಿದ ಕೈಯಲ್ಲಿ ಎರಡು ಬೆರಳಿಲ್ಲ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಹಳ್ಳಿಯ ಹೆಂಗಸು, ಕೈ ಬೀಸುತ್ತಿರುವುದು. ಹೇಮಶ್ರೀಗೆ ಅದು ಒಣಒಣ ಅನ್ನಿಸಿತು. 'ಕೈ ಬೀಸಿ ಸ್ವಾಗತಿಸುತ್ತಿರುವ ಹಳ್ಳಿಯ ಹೆಣ್ಣುಮಗಳು' ಎಂದು ಬರೆದಳು.

ಸ್ವಾಗತ ಎಲ್ಲಿಂದ ಬಂತು? ಇವಳ ತಲೆಯಿಂದ. ರವೀಂದ್ರ ಅವರಿಗೆ ಹಿಡಿಸಿತು. ವರ್ಷದ ಕ್ಯಾಲೆಂಡರಿನಲ್ಲಿ ಜುಲೈ ತಿಂಗಳಿಗೆ ಇದನ್ನೇ ಹಾಕೋಣ ಎಂದರು. ಸುದ್ದಿ ಕೇಳಿ ಅವಳು ಆ ದಿನ ಡೈರಿಯಲ್ಲಿ ಒಂದು ನಕ್ಷತ್ರ ಬಿಡಿಸಿದಳು.

(ಆ ನಕ್ಷತ್ರದ ವಿಷಯ ತೆಗೆದುಬಿಡು, ಎನ್ನುತ್ತಾಳೆ. ತೆಗೆಯುವುದಿಲ್ಲ.)

೪

ಮೂರನೆಯದು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ಉದ್ಘಾಟನೆ ಇತ್ತು. ದೀಪ, ಶಾಲು, ಹಾರ, ಭಾಷಣ. ನೀವು ನೋಡದ್ದೇನೂ ಇರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಕಿರಂಗೂರಿನ ಮಾರಮ್ಮ ಒಳಗೆ ಬಂದರು. ಎಂಬತ್ತರ ಆಸುಪಾಸು. ನಿಮಿಷಾಂಬೆಗೆ ಹಣ್ಣುಕಾಯಿ ಮಾಡಿಸಿಕೊಂಡು, ಬಸ್ಸಿಗೆ ಹೊತ್ತಿದೆಯೆಂದು ಫ್ಯಾನಿನ ಗಾಳಿಗೆ ಬಂದವರು. ಖಾಲಿಯಿದ್ದ ಕುರ್ಚಿಯಲ್ಲಿ ಕೂತರು. ಎದುರಿಗೆ ಹದಿನೇಳನೇ ಚಿತ್ರ.

ಬಹಳ ಹೊತ್ತು ನೋಡಿದರು. ಎದ್ದುಹೋಗಿ ಮೂಗು ತಾಗುವಷ್ಟು ಹತ್ತಿರ ನೋಡಿದರು.

"ಇವ್ಳು ನಮ್ಮವ್ವ ಕಣವ್ವ," ಎಂದರು.

ತಾಯಿಯ ಹೆಸರು ಪುಟ್ಟಮಾದಮ್ಮ. ತವರು ಗಂಜಾಂ. ಆಲೆಮನೆಯಲ್ಲಿ ಎತ್ತಿನ ಗಾಣಕ್ಕೆ ಕಬ್ಬು ಕೊಡುವಾಗ ಎಡಗೈಯ ಎರಡು ಬೆರಳು ಹೋಗಿದ್ದವು. ಮಾರಮ್ಮನಿಗೆ ಆರು ವರ್ಷವಾಗಿದ್ದಾಗ ತಾಯಿಯೂ ಹೋದಳು. ಮನೆಯಲ್ಲಿ ಅವಳ ಒಂದು ಫೋಟೋವೂ ಇಲ್ಲ. ಇದನ್ನೆಲ್ಲ ಅವರು ಹೇಮಶ್ರೀಗೆ ಹೇಳಿದ್ದು ಚಿತ್ರದಿಂದ ಕಣ್ಣು ತೆಗೆಯದೆ. ಆಮೇಲೆ, ಕೆಳಗೆ ಏನು ಬರೆದಿದ್ದಾರೆ ಓದವ್ವ, ಎಂದರು.

ಹೇಮಶ್ರೀ ಓದಿದಳು.

"ಸ್ವಾಗ್ತವಾ? ಅದು ಹೆಂಗುಸ್ರು ನೀರಿಗಿಳಿಯೋ ಜಾಗ. ಯಾವನೋ ಅರಿಗೋಲಲ್ಲಿ ಕೂತ್ಕಂಡು ಫೋಟ ಇಡೀತಾವ್ನೆ. ಆಚೆಗೋಗ್ಲಾ ಅಂತ ಬೋಯ್ತಾವ್ಳೆ ನಮ್ಮವ್ವ. ಆ ಬಾಯಿ ನೋಡು, ಸ್ವಾಗ್ತ ಮಾಡೋ ಬಾಯಾ ಅದು?"

ನೋಡಿದಳು. ಅಲ್ಲ. ಆ ಚಿತ್ರವನ್ನು ಒಂದು ತಿಂಗಳಿಂದ ನೋಡುತ್ತಿದ್ದವಳು ಆ ಬಾಯನ್ನು ನೋಡಿಯೇ ಇರಲಿಲ್ಲ.

ಮಾರಮ್ಮ ಕೇಳಿದ್ದು ಒಂದೇ. ಅವ್ವನ ಹೆಸರು ಹಾಕಿ.

೫

ರವೀಂದ್ರ ಕೆಟ್ಟವರಲ್ಲ. (ಕೆಟ್ಟವರನ್ನಾಗಿ ಮಾಡಿ ಒಂದು ಡ್ರಾಫ್ಟ್ ಬರೆದಿದ್ದೆ, ಅದರಲ್ಲಿ ಅವರಿಗೆ ಚಿನ್ನದ ವಾಚು ಕೂಡ ಕೊಟ್ಟಿದ್ದೆ. ಸಿಟ್ಟಿಗೆ ಅಷ್ಟು ಸುಲಭದ ದಾರಿ ಬೇಡ ಎಂದು ಬಿಟ್ಟೆ.) ಮಾರಮ್ಮನಿಗೆ ಟೀ ತರಿಸಿದರು, ಅಜ್ಜಿ ಎಂದರು, ಸಮಾಧಾನವಾಗಿ ಎಲ್ಲ ಕೇಳಿದರು. ಆಮೇಲೆ ಚಿತ್ರದ ಮುಂದೆ ನಿಂತು ಬೆರಳು ತೋರಿಸಿದರು.

"ಅಜ್ಜಿ, ನಿಮ್ಮ ತಾಯಿಗೆ ಎಡಗೈ ಅಂತೀರಿ. ಇದು ಬಲಗೈ, ನೋಡಿ. ಇತಿಹಾಸದ ವಿಷಯ, ಅಂದಾಜಿನ ಮೇಲೆ ಹೆಸರು ಹಾಕೋಕಾಗಲ್ಲ."

ಬಲಗೈಯೇ ಹೌದು. ಅನುಮಾನವೇ ಇಲ್ಲ.

ಮಾರಮ್ಮ ತಮ್ಮ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಒಮ್ಮೆ ಇದನ್ನು, ಒಮ್ಮೆ ಅದನ್ನು. ಆಮೇಲೆ ಕುರ್ಚಿಯ ಮೇಲೆ ಕೂತು ಎಡಗಡೆಯ ಕಪಾಳದ ಮೇಲೆ ಮೂರು ಬೆರಳು ಊರಿ, "ತಲೆ ಬಾಚೋವಾಗ ಅವ್ವ ಇಂದ್ಗಡೆ ಕೂತು ಇಲ್ಲಿ ಒತ್ತಿ ಇಡ್ಕತಿದ್ಲು. ಮೂರೇ ಬೆಳ್ಳು. ಈ ಕಡೆಗೇ ಕಣಪ್ಪ," ಎಂದರು. ಬೆರಳು ತೆಗೆದು, ತೀರ ಸಣ್ಣ ದನಿಯಲ್ಲಿ, "ನಾನೇ ಮರ್ತಿದ್ರೂ ಮರ್ತಿರಬೈದು," ಎಂದು ಎದ್ದರು.

ಹೇಮಶ್ರೀ ಏನೂ ಹೇಳಲಿಲ್ಲ. ಹೇಳಬೇಕಾದದ್ದು ಡೈರಿಯಲ್ಲಿದೆ. ಎರಡು ಪುಟ, ಪೆನ್ನು ಒತ್ತಿದ ಗುರುತು ಮುಂದಿನ ಪುಟಕ್ಕೂ ಇಳಿದಿದೆ. ತಾಯಿಯಿಂದ ಉಳಿದದ್ದು ಕಪಾಳದ ಮೇಲಿನ ಮೂರು ಬೆರಳು. ಅದನ್ನೂ ಹಾಲಿನೊಳಗೆ ಕೂರಿಸಿ, ಟೀ ಕುಡಿಸಿ, ಕಿತ್ತುಕೊಂಡು ಕಳಿಸಿದೆವು. ಕಳಿಸಿದರು ಎಂದು ಬರೆದಿದ್ದನ್ನು ಹೊಡೆದು ಹಾಕಿ, ಕಳಿಸಿದೆವು ಎಂದು ಬರೆದಿದ್ದಾಳೆ.

೬

ಮರುದಿನ ಬೆಳಿಗ್ಗೆ ಅವಳು ಗಂಜಾಂಗೆ ಹೋದಳು. ಆ ಜಾಗ ಇನ್ನೂ ಇದೆಯಾ ನೋಡಬೇಕಿತ್ತು. ಹರಿಗೋಲು ಹಾಕುವ ಕರಿಯಯ್ಯನಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿ ನಕ್ಕ.

"ಇದೇನವ್ವ, ಒಳೆ ವಾಪಸ್ ಮಡಿಕೇರಿಗೆ ಓಯ್ತಾ ಅದೆ?"

ತೇಲಿ ಬಂದ ಕಡ್ಡಿಕಸ ಬಂಡೆಗೆ ನೀರು ಬಂದು ಹೊಡೆಯುವ ಕಡೆ ಸಿಕ್ಕಿಕೊಳ್ಳುತ್ತದೆ. ಚಿತ್ರದಲ್ಲಿ ಕಸ ಬಂಡೆಗಳ ಎಡಗಡೆಗೆ ಕೂತಿದೆ, ಅಂದರೆ ನೀರು ಎಡದಿಂದ ಬಲಕ್ಕೆ. ಕರಿಯಯ್ಯ ಅವಳನ್ನು ಹರಿಗೋಲಿಗೆ ಹತ್ತಿಸಿಕೊಂಡು ನಡುಹೊಳೆಗೆ ಹೋಗಿ, ದಡಕ್ಕೆ ಮುಖ ಮಾಡಿಸಿ ನಿಲ್ಲಿಸಿದ. ಅದೇ ಮೆಟ್ಟಿಲು, ಅದೇ ಬಸವನ ಡುಬ್ಬದಂಥ ಬಂಡೆ. ಆದರೆ ಚಿತ್ರದಲ್ಲಿ ಎಡಕ್ಕಿದ್ದದ್ದು ಇಲ್ಲಿ ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ. ನೀರು ಬಲದಿಂದ ಎಡಕ್ಕೆ ಹೋಗುತ್ತಿತ್ತು, ಯಾವಾಗಲೂ ಹೋದ ಹಾಗೆ.

ಚಿತ್ರವನ್ನು ಎಡಬಲ ಮಗುಚಿ ಹಾಕಿದ್ದರು. ಬಲಗೈ ಎಡಗೈ.

"ಆ ಫೋಟದೋನ್ನ ಕೂರಿಸ್ಕಂಡು ಬಂದೋನು ನಮ್ಮ ತಾತನೇ ಇರಬೇಕು," ಎಂದ ಕರಿಯಯ್ಯ. "ಅವ್ನ್ಗೂ ಸೇರ್ಸೇ ಬೋಯ್ತಾವ್ಳೆ ಬುಡು."

೭

ಇಲ್ಲಿ ನಾನು, ಹೇಮಶ್ರೀ ಬಂದು ಹೇಳಿದ್ದು ಕೇಳಿ ರವೀಂದ್ರ ಅವರಿಗೆ ಆಘಾತವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮರೆತಿದ್ದರು.

ಗೋಡೆಯ ಮೇಲೆ ಹೊಳೆ ಎಡದಿಂದ ಬಲಕ್ಕೆ ಹರಿಯಬೇಕಿತ್ತಲ್ಲ. ಒಂಬತ್ತು ಚಿತ್ರಗಳಲ್ಲಿ ಅದು ಹಟ ಹಿಡಿದು ಉಲ್ಟಾ ಹರಿಯುತ್ತಿತ್ತು. ಡಿಸೈನಿನವರಿಗೆ ಹೇಳಿ ಆ ಒಂಬತ್ತನ್ನೂ ತಿರುಗಿಸಿದ್ದರು. ನೋಡುವವರ ಕಣ್ಣಿಗೆ ತೊಡಕಾಗಬಾರದೆಂದು. ಅಯ್ಯೋ, ಹೌದಲ್ಲವಾ, ಎಂದರು ಅವರು. ಆದರೆ ಈಗ ತಿರುಗಿಸಿದರೆ ಗೋಡೆಯ ಓಟ ಕೆಡುತ್ತದೆ, ಕ್ಯಾಲೆಂಡರು ಅಚ್ಚಾಗಿ ನಾಗಮಂಗಲ, ಕೆ.ಆರ್.ಪೇಟೆಯವರೆಗೂ ಹೋಗಿದೆ, ಇನ್ನು ಮೂರು ದಿನಕ್ಕೆ ಪ್ರದರ್ಶನವೂ ಮುಗಿಯುತ್ತದೆ. "ಎಡ ಆದ್ರೇನು, ಬಲ ಆದ್ರೇನು, ಹೇಮಾ. ಭಾವನೆ ಮುಖ್ಯ."

ನಿನ್ನೆ ಇದೇ ಎಡಬಲದ ಮೇಲೆ ಒಬ್ಬ ಮುದುಕಿಯ ತಾಯಿಯನ್ನು ಇಲ್ಲ ಎಂದವರು ಇವರು.

(ಓದುಗರೇ, ನಿಮಗೂ ಮೈ ಉರಿಯಿತೇ? ಹಾಗಾದರೆ ಇನ್ನು ಮೂರು ಮುಕ್ತಾಯ ಕೊಡುತ್ತೇನೆ, ಯಾವುದರಿಂದ ಉರಿ ಆರುತ್ತದೋ ನೋಡಿ.)

ಮುಕ್ತಾಯ ಅ: ಪತ್ರಿಕೆಯಲ್ಲಿ ಬರುತ್ತದೆ, ಟ್ರಸ್ಟು ಕ್ಷಮೆ ಕೇಳುತ್ತದೆ, ಮಾರಮ್ಮನಿಗೆ ಶಾಲು ಹೊದಿಸುತ್ತಾರೆ. ಬೇಡ. ಆ ಶಾಲಿನ ಫೋಟೋಗೆ ಅಡಿಬರಹ ಬರೆಯುವವರು ಯಾರು?

ಮುಕ್ತಾಯ ಆ: ಹೇಮಶ್ರೀ ಹಾಲಿನ ನಡುವೆ ನಿಂತು ಗುಡುಗುತ್ತಾಳೆ. ಇದನ್ನು ಬರೆದು ತೋರಿಸಿದೆ. ಬಸ್ಸು ನಿಲ್ಲಿಸಲಾರದವಳ ಬಾಯಲ್ಲಿ ಇಷ್ಟುದ್ದ ಡೈಲಾಗು ಯಾಕಿಟ್ಟೆ, ನನ್ನನ್ನೂ ತಿರುಗಿಸಿ ಹಾಕುತ್ತಿದ್ದೀಯಾ, ಎಂದಳು. ಆ ಪುಟವನ್ನೂ ಹರಿದು ಹಾಕಿದೆ.

ಮುಕ್ತಾಯ ಇ: ಇದನ್ನು ಅವಳೇ ಮಾಡಿದಳು. ಕಿರಂಗೂರಿಗೆ ಹೋಗಿ ಮಾರಮ್ಮನನ್ನು ಕರೆತಂದಳು. ಚಿತ್ರಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿ ಕೂರಿಸಿದಳು. ಬ್ಯಾಗಿನಿಂದ ಅಂಗೈಯಗಲದ ಕನ್ನಡಿ ತೆಗೆದು ಅವರ ಕೈಗೆ ಕೊಟ್ಟಳು. ಮಾರಮ್ಮ ಅದನ್ನು ಆಚೀಚೆ ಓರೆಮಾಡಿದರು. ಮೊದಲು ಫ್ಯಾನು ಕಂಡಿತು, ಆಮೇಲೆ ಕಿವಿಯೋಲೆ, ಆಮೇಲೆ ಹೆಗಲ ಹಿಂದೆ ಅವ್ವ. ಎಡಗೈ ಎತ್ತಿ ನಿಂತಿದ್ದಳು, ಮೂರು ಬೆರಳು.

ಮಾರಮ್ಮ ತಲೆಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿದರು, ಬಾಚಿಸಿಕೊಳ್ಳುವವರ ಹಾಗೆ. "ನಾನು ಮರ್ತಿರ್ನಿಲ್ಲ," ಎಂದರು.

ಇಲ್ಲಿಗೆ ನಿಲ್ಲಿಸಿದರೆ ನೀವು ಕಣ್ಣೊರೆಸಿಕೊಂಡು ಪುಟ ಮಗುಚುತ್ತೀರಿ. ಅದಕ್ಕೇ ನಿಲ್ಲಿಸುವುದಿಲ್ಲ. ಅಡಿಬರಹ ಇನ್ನೂ ಹಾಗೆಯೇ ಇದೆ.

೮

ಹೇಮಶ್ರೀ ಡೈರಿಯ ಹಾಳೆ ಕತ್ತರಿಸಿ ಬರೆದಳು: 'ಪುಟ್ಟಮಾದಮ್ಮ, ಗಂಜಾಂ. ಆಚೆ ಹೋಗು ಎನ್ನುತ್ತಿದ್ದಾರೆ.' ತನ್ನ ಸ್ವಾಗತದ ಮೇಲೆ ಅಂಟಿಸಿದಳು. ಮಧ್ಯಾಹ್ನ ಯಾರೋ ಕಿತ್ತರು. ಮತ್ತೆ ಅಂಟಿಸಿದಳು. ಸಂಜೆ ಕಿತ್ತರು. ಡೈರಿಯಲ್ಲಿ ಹಾಳೆ ಇನ್ನೂ ಬಹಳ ಇವೆ. ನಕ್ಷತ್ರವಿದ್ದ ಹಾಳೆಯೂ ಹೋಯಿತು. ಇದು ಐದನೆಯದು. ಅವಳು ಗೋಂದು ಹಚ್ಚುತ್ತಿದ್ದಾಳೆ, ಹಿಂದೆ ರವೀಂದ್ರ ಅವರ ಚಪ್ಪಲಿಯ ಸದ್ದು ಹತ್ತಿರ ಬರುತ್ತಿದೆ, ಈ ಸಲ ಅವಳು ತಿರುಗಿ ನೋಡುತ್ತಿಲ್ಲ.

ನಾನು ಇಲ್ಲಿಂದ ಮುಂದೆ ಬರೆಯುವುದಿಲ್ಲ. ಬರೆದರೆ ಆ ಚೀಟಿ ಉಳಿಯಿತೋ ಇಲ್ಲವೋ ಹೇಳಬೇಕಾಗುತ್ತದೆ. ಅದು ನನ್ನೊಬ್ಬಳ ಕೈಯಲ್ಲಿಲ್ಲ. ಆ ಕ್ಯಾಲೆಂಡರು ನಿಮ್ಮ ಮನೆಯ ಗೋಡೆಯ ಮೇಲೂ ಇರಬಹುದು. ಜುಲೈ ಬಂದಾಗ ಒಂದು ಕನ್ನಡಿ ಹಿಡಿದು, ಅದಕ್ಕೆ ಬೆನ್ನು ಮಾಡಿ ಕೂರಿ. ನಿಮ್ಮ ಮುಖದ ಪಕ್ಕದಲ್ಲೇ ಪುಟ್ಟಮಾದಮ್ಮ ಕಾಣುತ್ತಾಳೆ. ಯಾರಿಗೆ ಬೈಯುತ್ತಿದ್ದಾಳೆ ಎಂಬುದೂ ಕಾಣುತ್ತದೆ.