ಅಂಟಿನ ಕೆಳಗೆ

"ಮೊದಲು ಬಲಗೈ ಕೊಡಿ," ಎಂದರು ಡಾಕ್ಟರ್ ಪೆಟಿಪಾ.

"ಕೆಟ್ಟಿರೋದು ಎಡಗೈ, ಡಾಕ್ಟ್ರೇ," ಎಂದಳು ಲೊರೆಟಾ.

"ಗೊತ್ತು. ನಿಮ್ಮ ನರ ಚೆನ್ನಾಗಿದ್ದಾಗ ಹೇಗಿರತ್ತೆ ಅಂತ ನೋಡದೆ ಕೆಟ್ಟಿದ್ದನ್ನ ಹೇಗೆ ಗುರುತಿಸ್ಲಿ?"

ಅಂಗೈ ಮೇಲೆ ಸ್ಕ್ಯಾನಿಂಗಿನ ತಣ್ಣನೆಯ ಜೆಲ್ ಬಿತ್ತು. "ನಮ್ಮ ಸಿಂಪಿಗಿಂತ ಲೋಳೆ," ಎಂದ ಗೋಡೆಗೊರಗಿ ನಿಂತಿದ್ದ ತಮ್ಮ ಎಮಿಲ್.

ಮಾಲ್ಪೆಕ್ ಕೊಲ್ಲಿಯ ದಕ್ಕೆಯಲ್ಲಿ ಇಬ್ಬರದೂ ಸೇರಿ ತಿನ್ನುವ ಸಿಂಪಿ ಮಾರುವ ಒಂದು ಅಂಗಡಿ. ಎಡಗೈಯಲ್ಲಿ ಸಿಂಪಿ ಹಿಡಿದು ಬಲಗೈ ಚಾಕುವಿನಿಂದ ಮೀಟಿ ಬಾಯಿ ಬಿಡಿಸುವುದು ಲೊರೆಟಾಳ ಕೆಲಸ. ಚಿಪ್ಪಿನ ಸಂದು ಎಲ್ಲಿದೆಯೆಂದು ಹೇಳುವುದು ಕಣ್ಣಲ್ಲ, ಎಡಗೈಯ ತೋರುಬೆರಳು. ಬೇಸಿಗೆಯಲ್ಲೊಂದು ಶನಿವಾರ ಗಿರಾಕಿಗಳು ಸಾಲುಗಟ್ಟಿದ್ದಾಗ ಚಾಕು ಜಾರಿ ಅಂಗೈಗೆ ಇಳಿದಿತ್ತು. ಇಂಥದ್ದಕ್ಕೆಲ್ಲ ದಕ್ಕೆಯವರು ಆಸ್ಪತ್ರೆ ಮೆಟ್ಟಿಲು ಹತ್ತುವವರಲ್ಲ. ಮುರಿದ ಪಿಂಗಾಣಿ ಕೂಡಿಸುವ ಅಂಟನ್ನೇ ಎರಡು ಹನಿ ಬಿಟ್ಟು ಚರ್ಮ ಒತ್ತಿ ಹಿಡಿಯುತ್ತಾರೆ. ಎಮಿಲನೂ ಹಾಗೇ ಮಾಡಿ, "ಆಯ್ತು, ನಡಿ ಅಕ್ಕಾ, ಜನ ಕಾಯ್ತಿದಾರೆ," ಎಂದಿದ್ದ. ಗಾಯ ಚೆನ್ನಾಗಿಯೇ ಮಾಯಿತು. ಆ ತೋರುಬೆರಳಿಗೆ ಮಾತ್ರ ಜೀವ ಬರಲಿಲ್ಲ. ಮೊನ್ನೆ ಕಾದ ಕೆಟಲಿಗೆ ತಾಗಿ ಬೊಬ್ಬೆ ಎದ್ದದ್ದೂ ಕಣ್ಣಿಗೆ ಬಿದ್ದ ಮೇಲೆಯೇ ಗೊತ್ತಾದದ್ದು.

ಬಲಗೈಯ ನರ ಪರದೆಯ ಮೇಲೆ ಬಿಗಿಯಾಗಿ ಹೆಣೆದ ಸಣ್ಣ ಹುರಿಯಂತೆ ಕಂಡಿತು. ಡಾಕ್ಟರ್ ಎಡಗೈ ತೆಗೆದುಕೊಂಡರು.

"ನರ ಬರೀ ನಲುಗಿದ್ರೆ ಕಾಯೋಣ, ತಾನೇ ಸರಿಹೋಗತ್ತೆ. ತುಂಡಾಗಿದ್ರೆ ಕಾದಷ್ಟೂ ನಷ್ಟ."

ಮಣಿಕಟ್ಟಿನಿಂದ ಹುರಿ ನೆಟ್ಟಗೆ ಬಂತು. ಗಾಯದ ಕಲೆಯ ಹತ್ತಿರ ಈರುಳ್ಳಿ ಗೆಡ್ಡೆಯಂತೆ ಊದಿಕೊಂಡಿತು. ಅಲ್ಲಿ ಒತ್ತಿದಾಗ ಲೊರೆಟಾ ಝಲ್ಲೆಂದು ಕೈ ಎಳೆದುಕೊಂಡಳು.

"ನೋವಿದೆ ಅಂದ್ರೆ ಒಳ್ಳೇದೇ ಅಲ್ವಾ?" ಎಂದ ಎಮಿಲ್.

"ತಾಳಿ. ಬೆರಳಿನ ಕಡೆಯಿಂದ ಹಿಂದಕ್ಕೆ ಬರ್ತೀನಿ."

ಬೆರಳಿನ ಕಡೆಯಿಂದ ಇನ್ನೊಂದು ಹುರಿ ಬಂದು ಗೆಡ್ಡೆಯನ್ನು ಮುಟ್ಟುವ ಮೊದಲೇ ನಿಂತಿತು. ನಡುವೆ ಬರೀ ಬೂದು ಬಣ್ಣದ ಕಲೆ.

"ತುಂಡಾಗಿದೆ," ಎಂದರು ಡಾಕ್ಟರ್. "ಆಪರೇಷನ್ ಮಾಡಿ, ಕಾಲಿಂದ ಒಂದು ಚೂರು ನರ ತಂದು ಜೋಡಿಸ್ಬೇಕಾಗ್ಬಹುದು. ಸ್ವಲ್ಪ ಸ್ಪರ್ಶ ಬರ್ಬಹುದು. ಮೊದಲಿನ ಹಾಗೇ ಆಗತ್ತೆ ಅಂತ ಮಾತು ಕೊಡೋಕಾಗಲ್ಲ."

"ಆವತ್ತೇ ಬಂದಿದ್ರೆ?" ಎಮಿಲನ ದನಿ ಇಳಿದಿತ್ತು.

"ಆವತ್ತಾದ್ರೆ ಎರಡು ತುದಿನೂ ಹತ್ತಿರ ಇರ್ತಿದ್ವು, ನೇರವಾಗಿ ಹೊಲೀಬಹುದಿತ್ತು." ಡಾಕ್ಟರ್ ಕಲೆಯನ್ನು ಬಗ್ಗಿ ನೋಡಿದರು. "ಅಂಟಿನ ವಿಷ್ಯ ಮೊದ್ಲೇ ಹೇಳಿದ್ರಲ್ಲ, ಹಾಕಿದ್ದು ಯಾರು?"

"ನಾನೇ," ಎಂದಳು ಲೊರೆಟಾ.

"ಒಂದೇ ಕೈಯಲ್ಲಿ? ಇಷ್ಟು ನೀಟಾಗಿ?"

"ದಕ್ಕೆಯವರಿಗೆ ಅಭ್ಯಾಸ ಇರತ್ತೆ, ಡಾಕ್ಟ್ರೇ."

ಟ್ರಕ್ಕಿನಲ್ಲಿ ಎಮಿಲ್ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. "ಯಾಕೆ ಹಾಗಂದೆ?"

"ನೀನು ಬಾಯಿ ಬಿಟ್ಟು ಅಳೋಕೆ ಶುರು ಮಾಡಿದ್ರೆ ಅಲ್ಲಿ ಯಾರು ಸಮಾಧಾನ ಮಾಡೋರು? ಗಾಡಿ ಬಿಡು. ಕಾಫಿ ಕುಡಿಸು."

ದಾರಿಯಲ್ಲಿ, ಗಾಡಿಯಲ್ಲಿ ಕೂತವರಿಗೇ ಕಾಫಿ ಕೊಡುವ ಅಂಗಡಿಯ ಕಿಟಕಿಯ ಮುಂದೆ ಟ್ರಕ್ಕು ನಿಂತಿತು. ಎಮಿಲ್ ಬಿಸಿ ಲೋಟ ತೆಗೆದುಕೊಂಡು ಅವಳತ್ತ ತಿರುಗಿದ. ಲೊರೆಟಾ ರೂಢಿಯಂತೆ ಎಡಗೈ ಚಾಚಿದಳು. ಅವನು ಲೋಟ ಕೊಡಲಿಲ್ಲ. ಅವಳು ಬಲಗೈ ಮುಂದೆ ತರುವವರೆಗೂ ಹಾಗೇ ಹಿಡಿದುಕೊಂಡಿದ್ದ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಲೇ ಇದ್ದ.